ಚಿನ್ನ ನುಂಗಿ ಹೊರಟ ರಕ್ತಕಣ

ಪೂಜೆಗೆ ಗುಲಾಬಿ ಕೀಳುವಾಗ ಬೆರಳಿಗೆ ಮುಳ್ಳು ಚುಚ್ಚಿತು, ಮುರಿದ ತುದಿ ಒಳಗೇ ಉಳಿಯಿತು ಅನ್ನಿ. ಎರಡು ದಿನದಲ್ಲಿ ಆ ಜಾಗ ಕೆಂಪಗೆ ಊದಿಕೊಂಡು ಕೀವು ಕಟ್ಟುತ್ತದೆ. ಕೀವು ಅಂದರೆ ಬರೀ ಕೊಳೆ ಅಂದುಕೊಂಡಿದ್ದೀರಾ? ಅಲ್ಲ ಕಣ್ರೀ, ರೋಗಾಣುಗಳ ಮೇಲೆ ಬಿದ್ದು ಹೋರಾಡಿ ಸತ್ತ ಬಿಳಿ ರಕ್ತಕಣಗಳೇ ಅದರ ತುಂಬ.

ಈ ಕಣಗಳ ಗುಟ್ಟು ರಟ್ಟಾದದ್ದೂ ಗುಲಾಬಿ ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಮನೆಮಂದಿಯೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಗಾಜಿನ ಹಾಗೆ ತಿಳಿಯಾದ ನಕ್ಷತ್ರ ಮೀನಿನ ಮರಿಗಳಿಗೆ ಮುಳ್ಳು ಚುಚ್ಚಿಟ್ಟರು. ಬೆಳಗಾಗೆದ್ದು ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು! 1908ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಸಿಕ್ಕಿದ್ದನ್ನೆಲ್ಲ ನುಂಗುವ ಈ ಹೊಟ್ಟೆಬಾಕ ಕಣಕ್ಕೆ ಮ್ಯಾಕ್ರೋಫೇಜ್ ಎಂದು ಹೆಸರು.

ಕ್ಯಾನ್ಸರ್ ಗಂಟು ಇದನ್ನೂ ಮರುಳು ಮಾಡಿಬಿಡುತ್ತದೆ. ಶತ್ರುವನ್ನು ನುಂಗಬೇಕಾದ ಕಣ, ಗಂಟಿಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತದೆ. ಮನೆ ಕಾಯಲು ಇಟ್ಟವನೇ ಕಳ್ಳನಿಗೆ ದೀಪ ಹಿಡಿದ ಹಾಗೆ. ಗಂಟು ಬೇಗಬೇಗ ಬೆಳೆಯುವುದರಿಂದ ಅದರ ನಡುಭಾಗಕ್ಕೆ ರಕ್ತ, ಆಮ್ಲಜನಕ ಸಾಲದು. ರಕ್ತದಲ್ಲಿ ಹರಿದು ಬರುವ ಔಷಧಿಯೂ ಅಲ್ಲಿಗೆ ಸರಿಯಾಗಿ ತಲುಪದು. ಆದರೆ ಈ ಕಣಗಳು ಕರೆ ಬಂದಂತೆ ಅಲ್ಲಿಗೇ ನುಗ್ಗುತ್ತವೆ.

ಅಲ್ಲಿಗೇ ಹೋಗುವವರ ಕೈಯಲ್ಲಿ ನಮ್ಮ ಗಂಟನ್ನೂ ಕೊಟ್ಟು ಕಳಿಸಿದರೆ? ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್, ಇಂಡಿಯಾನಾ ವಿಶ್ವವಿದ್ಯಾಲಯದ ಸುಸಾನ್ ಕ್ಲೇರ್ ಮತ್ತು ಸಂಗಡಿಗರು 2007ರಲ್ಲಿ ಅದನ್ನೇ ಮಾಡಿ ನೋಡಿದರು. ಸಿಲಿಕಾದ ಸಣ್ಣ ಗುಂಡಿಗೆ ಚಿನ್ನದ ತೆಳು ಲೇಪ. ಇಂಥ ನೂರಾರು ಗುಂಡು ಸಾಲಾಗಿಟ್ಟರೂ ಕೂದಲೆಳೆಯ ದಪ್ಪ ಮೀರದು. ಕಣಗಳು ಅವನ್ನು ನುಂಗಿದವು. ಪ್ರಯೋಗಶಾಲೆಯಲ್ಲಿ ಬೆಳೆಸಿದ್ದ ಸ್ತನ ಕ್ಯಾನ್ಸರ್ ಜೀವಕೋಶಗಳ ಪುಟ್ಟ ಉಂಡೆಯೊಳಕ್ಕೆ ಸಲೀಸಾಗಿ ಸಾಗಿದವು. ಕಣ್ಣಿಗೆ ಕಾಣದ ಒಂದು ಬಗೆಯ ಲೇಸರ್ ಬೆಳಕು ಚರ್ಮವನ್ನು ಸುಡದೆ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಅದನ್ನು ಬಿಟ್ಟಾಗ ಚಿನ್ನ ಕಾದು, ನುಂಗಿದ ಕಣ ಸತ್ತಿತು. 2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಮಿದುಳಿನ ಗಡ್ಡೆಯ ಜೀವಕೋಶಗಳ ಉಂಡೆ ಇದೇ ಉಪಾಯದಿಂದ ಬೆಳೆಯದೆ ನಿಂತಿತು.

ಹಾಗಂತ ಬಂಗಾರ ತೇಯ್ದು ಕುಡಿದರೆ ಗಂಟು ಕರಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿ ಚಿನ್ನ ಔಷಧಿಯಲ್ಲ, ಬೆಳಕಿನಿಂದ ಕಾಯುವ ಕಾವಲಿ ಅಷ್ಟೇ.

ಮನುಷ್ಯರ ಮೇಲೆ? ರಕ್ತಕಣದ ಸಹಾಯವಿಲ್ಲದೆ, ಚಿನ್ನದ ಗುಂಡುಗಳನ್ನು ನೇರ ರಕ್ತನಾಳಕ್ಕೆ ಬಿಟ್ಟು, ಪ್ರಾಸ್ಟೇಟ್ ಕ್ಯಾನ್ಸರಿನ 16 ಗಂಡಸರ ಮೇಲೆ ಅಮೆರಿಕದಲ್ಲಿ ನಡೆಸಿದ ಪ್ರಯೋಗದ ವರದಿ 2019ರಲ್ಲಿ ಬಂತು. ವರ್ಷದ ಮೇಲೆ ಹೆಚ್ಚಿನವರಲ್ಲಿ ಕಾಯಿಸಿದ ಜಾಗದಲ್ಲಿ ಕ್ಯಾನ್ಸರ್ ಸಿಗಲಿಲ್ಲ. ರಕ್ತಕಣದ ಕೈಲಿ ಚಿನ್ನ ಹೊರಿಸುವ ಉಪಾಯ ಮಾತ್ರ ಇನ್ನೂ ಆಸ್ಪತ್ರೆಯ ಚಿಕಿತ್ಸೆಯಾಗಿಲ್ಲ.

ಇದನ್ನು ಓದಿ, ಹೊಸ ಮದ್ದು ಬರಲಿ ಆಮೇಲೆ ತೋರಿಸೋಣ ಅಂತ ಯಾರೂ ಕಾಯಬೇಡಿ. ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಕೈಗೆ ಸಿಕ್ಕರೂ, ನೋವಿಲ್ಲವಲ್ಲ ಅಂತ ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ಸುಮ್ಮನಿರುವವರು ನಮ್ಮಲ್ಲಿ ಎಷ್ಟು ಮಂದಿ! ಸ್ತನ ಕ್ಯಾನ್ಸರಿನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದೇ ಇಲ್ಲ. ಎಲ್ಲ ಗಂಟೂ ಕ್ಯಾನ್ಸರಲ್ಲ, ನಿಜ. ಅದನ್ನು ಹೇಳಬೇಕಾದವರು ಡಾಕ್ಟರು. ಚಿಕ್ಕದಿದ್ದಾಗಲೇ ಹೋದರೆ ಎಷ್ಟೋ ಮಂದಿಗೆ ಸ್ತನವನ್ನು ಪೂರ್ತಿ ತೆಗೆಯದೆ, ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಡಬಹುದು. ನಿಮಗೂ ಹಾಗೆ ಆಗುತ್ತದೆಯೇ ಎಂದು ಸಂಕೋಚ ಬಿಟ್ಟು ಕೇಳಿ.