ನಿಮಗಿದು ಗೊತ್ತೆ? ಗೆಜ್ಜೆ ಕಟ್ಟಿದವರ ಗಿಟಾರ್

ಗಿಟಾರ್ ಹಿಡಿಯುವ ಮುನ್ನ ಗಾಯಕ ರಘು ದೀಕ್ಷಿತ್ ಕಾಲಿಗೆ ಗೆಜ್ಜೆ ಕಟ್ಟಿದವರು! ಭರತನಾಟ್ಯ ಕಲಿತವರು, ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಗೆದ್ದವರು. ಗಿಟಾರ್ ಕೈಗೆ ಬಂದದ್ದು ಸಹಪಾಠಿಯೊಬ್ಬರ ಸವಾಲಿನಿಂದ.

ಹಾಡುಗಳು ಸಿದ್ಧವಿದ್ದವು, ಕ್ಯಾಸೆಟ್ ಕಂಪನಿಗಳು ಮಾತ್ರ ವರ್ಷಗಟ್ಟಲೆ ಒಲಿಯಲಿಲ್ಲ. ಕೊನೆಗೆ ಮುಂಬೈಯಲ್ಲಿ ಅವರ ಹಾಡು ಕೇಳಿದ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್, 2008ರಲ್ಲಿ ತಮ್ಮದೇ ಲೇಬಲ್‌ನಿಂದ ಚೊಚ್ಚಲ ಆಲ್ಬಂ ಹೊರತಂದರು. ತಮಾಷೆಯೆಂದರೆ, ಅದರಲ್ಲೊಂದು ಇಂಗ್ಲಿಷ್ ಹಾಡು ಮುಂಬೈಯಲ್ಲಿ ಪವಾಡಕ್ಕಾಗಿ ಕಾಯುವವನದ್ದೇ!

ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ‘ಗುಡುಗುಡಿಯಾ ಸೇದಿ ನೋಡೊ’ ಕೂಡ ಗಿಟಾರ್ ಜತೆ ಹೊಗೆಯಾಡಿತು.

2010ರಲ್ಲಿ ಪಿಯಾನೊ ವಾದಕ ಜೂಲ್ಸ್ ಹಾಲೆಂಡ್ ನಡೆಸುವ ಬಿಬಿಸಿ ಟಿ.ವಿ. ಕಾರ್ಯಕ್ರಮದಲ್ಲೂ ರಘು ತಂಡ ಹಾಡಿತು.