ಡೈವೋರ್ಸ್ ನೋಟಿಸ್ ಬಂತಾ? ಲಕೋಟೆ ವಾಪಸ್ ಕಳಿಸಬೇಡಿ!

ಮಧ್ಯಾಹ್ನದ ಹೊತ್ತು. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು, 'ಸಹಿ ಮಾಡಮ್ಮಾ, ಕೋರ್ಟಿಂದ ಬಂದಿದೆ' ಅನ್ನುತ್ತಾನೆ. ನೀವು ತವರಿಗೆ ಬಂದು ಎಂಟು ತಿಂಗಳಾಗಿದೆ. ಲಕೋಟೆ ಮೇಲೆ ಗಂಡನ ಊರಿನ ಕೋರ್ಟಿನ ಮೊಹರು. ಅಡುಗೆಮನೆಯಿಂದಲೇ ಅಮ್ಮ, 'ತಗೋಬೇಡ ಕಣೇ, ವಾಪಸ್ ಕಳ್ಸು. ತಗೊಂಡ್ರೆ ಡೈವೋರ್ಸ್‌ಗೆ ಒಪ್ಪಿದ ಹಾಗಾಗುತ್ತೆ' ಅನ್ನುತ್ತಾರೆ. ಪಕ್ಕದ ಮನೆ ಆಂಟಿಯೂ ಹೌದು ಹೌದು ಅಂತ ತಲೆಯಾಡಿಸುತ್ತಾರೆ.

ದಯವಿಟ್ಟು ಈ ಮಾತು ಕೇಳಬೇಡಿ. ಸಮನ್ಸ್ ತೆಗೆದುಕೊಂಡ ಮಾತ್ರಕ್ಕೆ ಯಾವುದಕ್ಕೂ ಒಪ್ಪಿದ ಹಾಗಲ್ಲ. ಬದಲಿಗೆ ಬೇಡ ಅಂತ ಹಿಂದಿರುಗಿಸಿದರೆ ಸಮನ್ಸ್ ಜಾರಿಯಾಗಿದೆ ಎಂದೇ ಕೋರ್ಟು ತಿಳಿಯಬಹುದು. ಹೇಳಿದ ದಿನ ನೀವು ಹಾಜರಾಗದೇ ಹೋದರೆ ಗಂಡ ಹೇಳಿದ್ದನ್ನಷ್ಟೇ ಕೇಳಿ ಏಕಪಕ್ಷೀಯ ತೀರ್ಪು ಬಂದುಬಿಡುತ್ತದೆ. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು, ನಿಜ. ಆದರೆ ಅದಕ್ಕಿರುವ ಕಾಲಾವಕಾಶ 30 ದಿನ. ಅದು ಮೀರಿದರೆ ತಡವಾದದ್ದಕ್ಕೆ ಬೇರೆ ಕಾರಣ ಹೇಳುತ್ತಾ ನಿಲ್ಲಬೇಕು. ಆದ್ದರಿಂದ ಸಹಿ ಮಾಡಿ ತಗೊಳ್ಳಿ, ಒಳಗಿರುವ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ವಾರವೇ ಕೌಟುಂಬಿಕ ಪ್ರಕರಣ ನಡೆಸುವ ಒಬ್ಬ ವಕೀಲರನ್ನು ನೋಡಿ.

ಲಾಯರ್ ಫೀಸಿಗೆ ದುಡ್ಡೆಲ್ಲಿದೆ ಅಂತೀರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಇದಕ್ಕೆ ಆದಾಯದ ಮಿತಿಯೇ ಇಲ್ಲ. ಸಂಬಳ ತರುವವರೂ ಕೇಳಬಹುದು! ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆದೀತು.

ಲಾಯರ್ ಬಳಿ ಹೋಗುವಾಗ ಬರಿಗೈಲಿ ಹೋಗಬೇಡಿ. ಲಗ್ನಪತ್ರಿಕೆ, ಮದುವೆ ಫೋಟೊ, ನೋಂದಣಿಯಾಗಿದ್ದರೆ ಆ ಪ್ರಮಾಣಪತ್ರ, ಮಕ್ಕಳ ಜನನ ಪತ್ರ, ಒಡವೆ ರಸೀದಿ, ಆಸ್ಪತ್ರೆ ಚೀಟಿ, ಗಂಡನ ಸಂಬಳದ ಬಗ್ಗೆ ಏನಾದರೂ ಕಾಗದ ಸಿಕ್ಕಿದರೆ ಅದು... ಎಲ್ಲವನ್ನೂ ಒಂದು ಫೈಲಿಗೆ ಹಾಕಿಕೊಳ್ಳಿ. ಒಂದು ಹಾಳೆಯಲ್ಲಿ ಮದುವೆಯಾದ ದಿನದಿಂದ ಮನೆ ಬಿಟ್ಟ ದಿನದವರೆಗೆ ಏನೇನಾಯ್ತು ಅಂತ ತಾರೀಖಿನ ಸಮೇತ ಬರೆದುಕೊಳ್ಳಿ. ಅಳು ಬಂದು ಮಾತು ನಿಂತುಹೋದಾಗ ಆ ಹಾಳೆಯೇ ನಿಮ್ಮ ಪರ ಮಾತಾಡುತ್ತದೆ.

ನಾಚಿಕೆಯ ವಿಷಯವಿದ್ದರೂ ಮುಚ್ಚಿಡಬೇಡಿ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ವಕೀಲರ ಕರ್ತವ್ಯ. ಹಾಗಂತ ಇಲ್ಲದ್ದನ್ನೂ ಸೇರಿಸಬೇಡಿ. 'ಎರಡು ಏಟು ಹೊಡೆದ್ರು' ಅನ್ನೋದನ್ನ 'ಸಾಯಿಸೋಕೆ ಬಂದ್ರು' ಅಂತ ಬರೆಸಿದರೆ ಪಾಟಿ ಸವಾಲಿನಲ್ಲಿ ಆ ಎರಡು ಏಟೂ ಸುಳ್ಳಾಗಿಬಿಡುತ್ತವೆ. ಖಾಲಿ ಹಾಳೆಗೆ ಯಾರು ಹೇಳಿದರೂ ಸಹಿ ಹಾಕಬೇಡಿ. 'ಬರುವ ಜೀವನಾಂಶದಲ್ಲಿ ಇಷ್ಟು ಪಾಲು ನನಗೆ' ಅನ್ನುವ ವಕೀಲರಿದ್ದರೆ ಎದ್ದು ಬನ್ನಿ, ಹಾಗೆ ಕೇಳುವುದು ವಕೀಲಿ ವೃತ್ತಿಯ ನಿಯಮಕ್ಕೇ ವಿರುದ್ಧ. ಕೇಸ್ ನಂಬರ್ ತಪ್ಪದೇ ಬರೆದುಕೊಳ್ಳಿ. ಮುಂದಿನ ದಿನಾಂಕ ಯಾವಾಗ ಅಂತ ಇ-ಕೋರ್ಟ್ಸ್ ಆ್ಯಪಿನಲ್ಲಿ ನೀವೇ ನೋಡಬಹುದು.

ಗಂಡನ ಕೋರ್ಟು ಬಹಳ ದೂರವೇ? ಕೈಮಗು ಇಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಓಡಾಡಲು ಆಗದಿದ್ದರೆ ಕೇಸನ್ನು ನಿಮ್ಮೂರಿಗೆ ವರ್ಗಾಯಿಸಿ ಎಂದು ಹೈಕೋರ್ಟಿಗೆ ಅರ್ಜಿ ಹಾಕಬಹುದು. ಬೇರೆ ರಾಜ್ಯದಲ್ಲಿದ್ದರೆ ಸುಪ್ರೀಂ ಕೋರ್ಟಿಗೆ. ನೀವೇ ಕೇಸು ಹಾಕುವುದಾದರೆ ಈ ತೊಂದರೆ ಇಲ್ಲ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯಿಂದ ಹೆಂಡತಿ ತಾನು ಈಗಿರುವ ಊರಿನಲ್ಲೇ ಅರ್ಜಿ ಹಾಕಬಹುದು.

ಇಬ್ಬರಿಗೂ ಬೇಡವೆನಿಸಿದ್ದರೆ ಪರಸ್ಪರ ಒಪ್ಪಿಗೆಯ ದಾರಿ ಸುಲಭ. ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಇನ್ನು ಒಂದಾಗುವ ಮಾತೇ ಇಲ್ಲ, ಜೀವನಾಂಶ, ಮಕ್ಕಳ ವಿಷಯವೆಲ್ಲ ತೀರ್ಮಾನವಾಗಿದೆ ಅಂತಾದರೆ ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 'ಬೇಗ ಮುಗಿದರೆ ಸಾಕಪ್ಪಾ' ಅಂತ ಏನೂ ಬೇಡ ಎಂದು ಬರೆದುಕೊಡಬೇಡಿ. ಎಷ್ಟೋ ಹೆಣ್ಣುಮಕ್ಕಳು ಎಡವುವುದೇ ಇಲ್ಲಿ! ಷರತ್ತು ಸರಿಯಿಲ್ಲ ಅನ್ನಿಸಿದರೆ ತೀರ್ಪು ಬರುವ ತನಕ ನಿಮ್ಮ ಒಪ್ಪಿಗೆಯನ್ನು ವಾಪಸ್ ತಗೊಳ್ಳಬಹುದು.

ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ ಅಂದರೆ ಕ್ರೌರ್ಯ, ಎರಡು ವರ್ಷ ತೊರೆದಿರುವುದು, ಪರಸಂಗ ಮುಂತಾದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತು ಮಾಡಬೇಕು. ಇದು ವರ್ಷಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಊಟಕ್ಕೇನು? ಕೇಸು ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಮತ್ತು ಕೋರ್ಟು ಖರ್ಚು ಕೇಳಬಹುದು. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲೇಬೇಕು. 'ನನಗೆ ಕೆಲಸಾನೇ ಇಲ್ಲ ಸ್ವಾಮೀ' ಅಂದು ಕೈತೊಳೆದುಕೊಳ್ಳುವುದು ಈಗ ಮೊದಲಿನಷ್ಟು ಸುಲಭವಲ್ಲ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಎಂದೂ ಆ ತೀರ್ಪಿನಲ್ಲಿದೆ, ಅದಕ್ಕೇ ಅರ್ಜಿ ತಡ ಮಾಡಬೇಡಿ.

ತವರಿನವರು ಹಾಕಿದ ಒಡವೆ, ಉಡುಗೊರೆಯಾಗಿ ಬಂದ ಪಾತ್ರೆ ಪಗಡೆ ನಿಮ್ಮ ಸ್ತ್ರೀಧನ. ಅತ್ತೆಯ ಬೀರುವಿನಲ್ಲಿದ್ದರೂ ಅದು ನಿಮ್ಮದೇ. ಪಟ್ಟಿ ಮಾಡಿ ವಕೀಲರಿಗೆ ಕೊಡಿ. ಹೊಡೆತ ಬಡಿತ ಇದ್ದರೆ, ಮನೆಯಿಂದ ಹೊರಹಾಕಿದ್ದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ ಜೊತೆಗೆ ವಾಸದ ಹಕ್ಕನ್ನೂ ಕೇಳಬಹುದು. ತುರ್ತಿದ್ದರೆ ಮಹಿಳಾ ಸಹಾಯವಾಣಿ 181. ಮಗು ಐದು ವರ್ಷದೊಳಗಿದ್ದರೆ ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು ಕಾನೂನು ಹೇಳುತ್ತದೆ. ಅಪ್ಪನಿಗೆ ನೋಡುವ ಅವಕಾಶ ಕೊಡಬೇಕಾಗುತ್ತದೆ, ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಳ್ಳಿ.

ಇನ್ನೊಂದು ಮಾತು. ಹಿರಿಯರು ಕೂತು ಪಂಚಾಯ್ತಿ ಮಾಡಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿ, 'ಮುಗೀತು ಹೋಗಮ್ಮಾ' ಅನ್ನುತ್ತಾರಲ್ಲ, ಅದನ್ನು ನಂಬಿ ಇನ್ನೊಂದು ಮದುವೆಗೆ ಕೂರಬೇಡಿ. ಸಮುದಾಯದಲ್ಲಿ ಹಿಂದಿನಿಂದ ಅಂಥ ರೂಢಿಯಿದೆ ಎಂದು ಕೋರ್ಟಿನಲ್ಲಿ ಸಾಬೀತಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಎರಡನೇ ಮದುವೆಯೇ ಅಸಿಂಧುವಾಗುತ್ತದೆ.

ಮೇಲೆ ಹೇಳಿದ ವಿಚ್ಛೇದನದ ನಿಯಮಗಳು ಹಿಂದೂ ವಿವಾಹ ಕಾಯ್ದೆಯವು. ಕ್ರೈಸ್ತ, ಮುಸ್ಲಿಂ ಸೋದರಿಯರಿಗೆ, ರಿಜಿಸ್ಟರ್ ಮದುವೆಯಾದವರಿಗೆ ಬೇರೆ ಕಾಯ್ದೆಗಳಿವೆ. ಉಚಿತ ವಕೀಲರು, ದೌರ್ಜನ್ಯ ತಡೆ ಕಾಯ್ದೆ ಮಾತ್ರ ಎಲ್ಲರಿಗೂ ಒಂದೇ.

ತೀರ್ಪು ಬಂದ ದಿನ ಮನೆಗೆ ಓಡಿಬರುವ ಆತುರ ಇರುತ್ತದೆ. ಆದರೂ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟೇ ಬನ್ನಿ, ಎರಡು ಪ್ರತಿ ತೆಗೆಸಿ. ಪಾಸ್‌ಪೋರ್ಟು, ಮಗುವಿನ ಶಾಲೆ, ಬ್ಯಾಂಕು ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಪಿಎಫ್, ವಿಮೆ, ಬ್ಯಾಂಕ್ ಖಾತೆಯಲ್ಲಿ ನಾಮಿನಿ ಅಂತ ಇನ್ನೂ ಅವರ ಹೆಸರೇ ಇರುತ್ತದೆ, ಅದನ್ನೂ ಬದಲಾಯಿಸಿ.