ಗಾಜಿನ ಪೆಟ್ಟಿಗೆಯಲ್ಲೊಂದು ಕೆರೆ

ಮನೆಗೆ ಹೊಸದಾಗಿ ಅಕ್ವೇರಿಯಂ ತಂದವರ ಕಥೆ ಬಹುಮಟ್ಟಿಗೆ ಒಂದೇ ಬಗೆಯದು. ಭಾನುವಾರ ಬೆಳಿಗ್ಗೆ ತೊಟ್ಟಿ ಬರುತ್ತದೆ. ಮಧ್ಯಾಹ್ನದೊಳಗೆ ಬಣ್ಣದ ಕಲ್ಲು ಹಾಸಿ, ನಲ್ಲಿ ನೀರು ತುಂಬಿಸಿ, ಪ್ಲಾಸ್ಟಿಕ್ ಗಿಡ ನೆಟ್ಟಾಗುತ್ತದೆ. ಸಂಜೆಗೆ ಪಾಲಿಥಿನ್ ಚೀಲದಲ್ಲಿ ಹತ್ತು ಹನ್ನೆರಡು ಮೀನು ಬಂದಿಳಿಯುತ್ತವೆ. ಮಕ್ಕಳಿಗೆ ಹಬ್ಬ. ಬುಧವಾರದ ಹೊತ್ತಿಗೆ ನೀರು ಮಸುಕಾಗುತ್ತದೆ, ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ. ಮುಂದಿನ ಭಾನುವಾರ ಬರುವುದರೊಳಗೆ ಅರ್ಧದಷ್ಟು ಸತ್ತಿರುತ್ತವೆ.

'ನೀರು ಒಗ್ಗಲಿಲ್ಲ' ಎನ್ನುತ್ತಾರೆ ಒಬ್ಬರು. 'ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡಿತು' ಎನ್ನುತ್ತಾರೆ ಇನ್ನೊಬ್ಬರು. ಎರಡನೆಯ ಮಾತು ಮನಸ್ಸಿಗೆ ಸಮಾಧಾನ ಕೊಡುತ್ತದೆ, ನಿಜ. ಆದರೆ ಕಾರಣ ಹುಡುಕುವ ಕೆಲಸವನ್ನೂ ಅದೇ ಸಮಾಧಾನ ನಿಲ್ಲಿಸಿಬಿಡುತ್ತದೆ. ಸತ್ತ ಮೀನಿನ ಜಾಗಕ್ಕೆ ಹೊಸ ಮೀನು ಬರುತ್ತದೆ, ಅದೂ ಸಾಯುತ್ತದೆ. ಆರು ತಿಂಗಳಲ್ಲಿ ಖಾಲಿ ತೊಟ್ಟಿ ಅಟ್ಟ ಸೇರುತ್ತದೆ. ಹೀಗಾಗಬೇಕಿಲ್ಲ. ಮೀನು ಏಕೆ ಸಾಯುತ್ತದೆಂಬುದು ವಿಜ್ಞಾನಕ್ಕೆ ಬಹಳ ಹಿಂದೆಯೇ ತಿಳಿದಿದೆ. ಅದನ್ನು ತಡೆಯಲು ದುಬಾರಿ ಸಲಕರಣೆಗಿಂತ ತಾಳ್ಮೆಯೇ ಹೆಚ್ಚು ಬೇಕು.

ಕೊಳದಿಂದ ಗಾಜಿಗೆ

ಮೀನನ್ನು ಅಂದಕ್ಕಾಗಿ ಸಾಕುವ ಹವ್ಯಾಸ ಹಳೆಯದು. ಚೀನಾದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ, ಸಾಂಗ್ ಅರಸರ ಕಾಲದಲ್ಲಿ, ಕೊಳಗಳಲ್ಲಿ ಕೆಂಪು-ಹೊಂಬಣ್ಣದ ಮೀನುಗಳನ್ನು ಆರಿಸಿ ಬೆಳೆಸುವುದು ಬಳಕೆಗೆ ಬಂದಿತ್ತು. ಇಂದಿನ ಗೋಲ್ಡ್ ಫಿಶ್ ಅವುಗಳ ಸಂತಾನ. ನಮ್ಮ ನಾಡಿನಲ್ಲಿಯೂ ಮೀನಿನ ಬಗೆಗಿನ ಆಸಕ್ತಿ ಕಡಿಮೆಯದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಗಾಳ ಹಾಕುವ ರಾಜವಿನೋದದ ಜೊತೆಗೆ ಮೀನುಗಳ ಬಗೆಗಳನ್ನೂ ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಅಲ್ಲಿ ವಿವರಿಸಲಾಗಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರು ಅಕ್ಕಿ, ಮಂಡಕ್ಕಿ ಹಾಕುವ 'ದೇವರ ಮೀನು'ಗಳನ್ನು ಇಂದಿಗೂ ಯಾರೂ ಹಿಡಿಯುವುದಿಲ್ಲ.

ಆದರೆ ಇವೆಲ್ಲ ಹೊಳೆ, ಕೊಳಗಳ ಮಾತು. ಗಾಜಿನ ಪೆಟ್ಟಿಗೆಯಲ್ಲಿ, ಪಕ್ಕದಿಂದ ನೋಡುವಂತೆ ಮೀನು ಸಾಕುವುದು 19ನೇ ಶತಮಾನದ ಇಂಗ್ಲೆಂಡಿನ ಕೊಡುಗೆ. 1845ರಲ್ಲಿ ಅಲ್ಲಿ ಗಾಜಿನ ಮೇಲಿನ ಸುಂಕ ರದ್ದಾಯಿತು, ಗಾಜು ಅಗ್ಗವಾಯಿತು. ಅದೇ ಹೊತ್ತಿಗೆ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಒಂದು ಪ್ರಯೋಗ ಹೂಡಿದ. ತೊಟ್ಟಿಯಲ್ಲಿ ಎರಡು ಗೋಲ್ಡ್ ಫಿಶ್ ಮತ್ತು ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ಇಟ್ಟ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ ಎಂಬುದು ಅವನ ಲೆಕ್ಕ. ಸ್ವಲ್ಪ ದಿನದಲ್ಲೇ ಗಿಡದ ಎಲೆ ಕೊಳೆತು ನೀರು ಕದಡಿತು. ಆಗ ಕೆರೆಯಲ್ಲಿ ನಡೆಯುವುದನ್ನು ನೆನೆದು ಕೆಲವು ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಅವನು ಈ ಪ್ರಯೋಗವನ್ನು ಪ್ರಕಟಿಸಿದ.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ 'ಮೀನುಮನೆ' ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ತನ್ನ ಪುಸ್ತಕಕ್ಕೆ 'ದಿ ಅಕ್ವೇರಿಯಂ' ಎಂದು ಹೆಸರಿಟ್ಟು ಆ ಶಬ್ದವನ್ನು ಜನರ ಬಾಯಿಗೆ ತಂದ. ಲ್ಯಾಟಿನ್ನಿನಲ್ಲಿ ಆ ಪದಕ್ಕಿದ್ದ ಅರ್ಥ ದನಗಳು ನೀರು ಕುಡಿಯುವ ಜಾಗ, ನಮ್ಮ ಹಳ್ಳಿಯ ಕಲ್ಲುಬಾನಿ ಇದ್ದಂತೆ! ಮುಂದೆ ನಮ್ಮಲ್ಲಿಯೂ ಸಾರ್ವಜನಿಕ ಮತ್ಸ್ಯಾಲಯಗಳು ಬಂದವು. ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಲಯ ಆರಂಭವಾದದ್ದು 1951ರಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ.

ಕಾಣದ ವಿಷ, ಕಾಣದ ಕೆಲಸಗಾರರು

ವಾರಿಂಗ್ಟನ್ ಹಿಡಿದದ್ದು ಗುಟ್ಟಿನ ಅರ್ಧಭಾಗ. ಉಳಿದರ್ಧ ಬರಿಗಣ್ಣಿಗೆ ಕಾಣುವಂಥದಲ್ಲ.

ಮೀನು ತನ್ನ ದೇಹದ ಕಲ್ಮಷವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ. ಇದು ಅಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷ. ಹೊಳೆಯಲ್ಲಿ ಹರಿವ ನೀರು ಅದನ್ನು ಕೊಂಡೊಯ್ಯುತ್ತದೆ. ತೊಟ್ಟಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಇಲ್ಲಿ ನೆರವಿಗೆ ಬರುವುದು ಬ್ಯಾಕ್ಟೀರಿಯ. ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಅದೂ ವಿಷವೇ, ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಅದು ಕಸಿಯುತ್ತದೆ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟ್ ಹೆಚ್ಚು ಸೇರದಿದ್ದರೆ ಮೀನಿಗೆ ಅಷ್ಟಾಗಿ ಅಪಾಯವಿಲ್ಲ. ಗಿಡಗಳಿಗಂತೂ ಅದು ಗೊಬ್ಬರ. ಮಣ್ಣಿನಲ್ಲಿ ನಡೆಯುವ ಇದೇ ಕ್ರಿಯೆಯ ಹಿಂದಿನ ಬ್ಯಾಕ್ಟೀರಿಯಗಳನ್ನು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದ. ಈ ಕಥೆ ಇನ್ನೂ ಮುಗಿದಿಲ್ಲ. ಎರಡೂ ಹಂತಗಳನ್ನು ಒಂದೇ ಬ್ಯಾಕ್ಟೀರಿಯ ಮಾಡಿ ಮುಗಿಸಬಲ್ಲದೆಂದು 2015ರಲ್ಲಿ ಪತ್ತೆಯಾಯಿತು. ಅಂಥ ಬ್ಯಾಕ್ಟೀರಿಯ ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕಣೆಯ ತೊಟ್ಟಿಯ ಫಿಲ್ಟರ್!

ಈ ಬ್ಯಾಕ್ಟೀರಿಯಗಳು ತೇಲುತ್ತ ಇರುವುದು ಕಡಿಮೆ. ಫಿಲ್ಟರಿನ ಸ್ಪಂಜು, ಮರಳು, ಕಲ್ಲುಗಳ ಮೇಲೆ ಲೋಳೆಯಂಥ ಪದರವಾಗಿ ಅಂಟಿಕೊಂಡು ಬದುಕುತ್ತವೆ. ಬೆಳೆಯುವುದೂ ಬಲು ನಿಧಾನ. ಹಾಲನ್ನು ಹೆಪ್ಪಾಗಿಸುವ ಬ್ಯಾಕ್ಟೀರಿಯಗಳ ಸಂಖ್ಯೆ ರಾತ್ರಿ ಕಳೆಯುವುದರಲ್ಲಿ ಹಲವು ಪಟ್ಟು ಬೆಳೆದಿರುತ್ತದೆ. ಇವು ಒಮ್ಮೆ ಇಮ್ಮಡಿಯಾಗಲು ಹಲವು ಗಂಟೆಗಳಿಂದ ಒಂದು ದಿನದವರೆಗೂ ಬೇಕು. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಭಾನುವಾರ ತಂದ ತೊಟ್ಟಿಯಲ್ಲಿ ಅಂದೇ ಬಿಟ್ಟ ಹನ್ನೆರಡು ಮೀನುಗಳು ಬುಧವಾರದ ಹೊತ್ತಿಗೆ ತಾವೇ ಹೊರಹಾಕಿದ ವಿಷದಲ್ಲಿ ಈಜುತ್ತಿರುತ್ತವೆ. ನೀರು ಒಗ್ಗದಿರುವುದು ಎಂದರೆ ಇದೇ.

ಮೊದಲು ನೀರು, ಆಮೇಲೆ ಮೀನು

ಹಾಗಾದರೆ ಹೊಸಬರು ಏನು ಮಾಡಬೇಕು?

ತೊಟ್ಟಿ ಚಿಕ್ಕದಾದಷ್ಟೂ ಸಾಕುವುದು ಸುಲಭವೆಂಬ ನಂಬಿಕೆಯಿದೆ. ನಿಜವಾದದ್ದು ಅದರ ತಿರುವುಮುರುವು. ನೀರು ಹೆಚ್ಚಿದ್ದರೆ ವಿಷ ತೆಳುವಾಗುತ್ತದೆ, ಬಿಸಿ-ತಂಪು ತಟ್ಟನೆ ಬದಲಾಗುವುದಿಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ಹೊಸಬರಿಗೆ ಇದಕ್ಕಿಂತ ಚಿಕ್ಕದು ಬೇಡ. ನೀರೇ 56 ಕಿಲೋ ತೂಗುವುದರಿಂದ ಗಟ್ಟಿಯಾದ, ಮಟ್ಟಸವಾದ ಮೇಜು ಬೇಕು. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಜಾಗವಾದರೆ ಪಾಚಿ ಕಟ್ಟುತ್ತದೆ.

ದುಂಡು ಗಾಜಿನ ಬಟ್ಟಲು ಸಿನಿಮಾದಲ್ಲಿ ಚೆನ್ನ. ಗಾಳಿಯ ಆಮ್ಲಜನಕ ನೀರಿಗೆ ಸೇರುವುದು ಮೇಲ್ಮೈಯಿಂದ. ಬಾಯಿ ಕಿರಿದಾದ ಬಟ್ಟಲನ್ನು ಕಂಠಮಟ್ಟ ತುಂಬಿಸಿದರೆ ಮೀನಿಗೆ ಉಸಿರು ಕಟ್ಟುತ್ತದೆ. ಏರ್ ಪಂಪಿನ ಗುಳ್ಳೆಗಳು ಕೂಡ ಮುಖ್ಯವಾಗಿ ಮಾಡುವುದು ನೀರನ್ನು ಕಲಕಿ ಮೇಲ್ಮೈಗೆ ತರುವ ಕೆಲಸವನ್ನೇ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರನ್ನೂ ಸುಡುತ್ತದೆ, ಬೇಕಾದ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಬಳಸಬಹುದು. ಕೊಳವೆ ಬಾವಿಯ ನೀರಿನಲ್ಲಿ ಈ ತೊಂದರೆ ಇಲ್ಲ, ಆದರೆ ಅದು ಹೆಚ್ಚಾಗಿ ಗಡಸು. ನೀರು ಕ್ಷಾರವಾದಷ್ಟೂ, ಬಿಸಿಯಾದಷ್ಟೂ ಅಮೋನಿಯದ ವಿಷ ಏರುತ್ತದೆಂಬುದನ್ನು ನೆನಪಿಡಬೇಕು.

ನೀರು ತುಂಬಿಸಿ, ಫಿಲ್ಟರ್ ಹಚ್ಚಿ, ಮೀನಿಲ್ಲದ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬನ್ನಿ. ಅದು ಕೊಳೆತು ಅಮೋನಿಯವಾಗುತ್ತದೆ, ಬ್ಯಾಕ್ಟೀರಿಯಕ್ಕೆ ಊಟ ಸಿಗುತ್ತದೆ. ಮೊಸರಿಗೆ ಹೆಪ್ಪು ಹಾಕಿದಂತೆ, ಆರೋಗ್ಯವಾದ ಹಳೆಯ ತೊಟ್ಟಿಯಿದ್ದ ಗೆಳೆಯರಿಂದ ಬಳಸಿದ ಸ್ಪಂಜಿನ ತುಂಡೊಂದನ್ನು ತಂದಿಟ್ಟರೆ ಕಾಯುವ ದಿನಗಳು ಕಡಿಮೆಯಾಗುತ್ತವೆ. ನೀರಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿದರೆ ತೊಟ್ಟಿ ಸಿದ್ಧವೆಂದು ಅರ್ಥ. ಇದನ್ನು ನೋಡಲು ಹನಿ ಹಾಕಿ ಬಣ್ಣ ಹೋಲಿಸುವ ಪರೀಕ್ಷಾ ಕಿಟ್‌ಗಳು ಸಿಗುತ್ತವೆ.

ಆಮೇಲೂ ಮೂರು ನಾಲ್ಕು ಮೀನುಗಳಿಂದ ಆರಂಭಿಸಿ, ಒಂದೆರಡು ವಾರ ಬಿಟ್ಟು ಉಳಿದವನ್ನು ತರಬೇಕು. ತಂದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಟ್ಟರೆ ಎರಡೂ ನೀರಿನ ಶಾಖ ಸಮವಾಗುತ್ತದೆ.

ಯಾವ ಮೀನು?

ಹೊಸಬರಿಗೆ ಗಪ್ಪಿ, ಪ್ಲಾಟಿ, ಮಾಲಿ, ಜೀಬ್ರಾ ಮೀನುಗಳು ಸೂಕ್ತ. ನಮ್ಮ ಗಡಸು ನೀರು ಗಪ್ಪಿ, ಮಾಲಿಗಳಿಗೆ ಹಿಡಿಸುತ್ತದೆ. ಸೊಳ್ಳೆ ಮರಿ ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಬಿಡುವ ಮೀನೂ ಗಪ್ಪಿಯೇ.

ಪಟ್ಟೆಪಟ್ಟೆಯ ಜೀಬ್ರಾ ಮೀನಿನ ತವರು ಭಾರತ ಮತ್ತು ನೆರೆಯ ನಾಡುಗಳು. ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವನು ನಮಗೆ ಅಪರಿಚಿತನಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ನನೇ ಅವನು. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು, ಗಂಗಾ ನದಿಯ ಮೀನುಗಳ ಬಗ್ಗೆ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವರ್ಣಿಸಿದ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಅನುವಂಶೀಯತೆಯ ಅಧ್ಯಯನಕ್ಕೆ ಬಳಸುವ ಮೀನೂ ಇದೇ.

ಗೋಲ್ಡ್ ಫಿಶ್ ಹೊಸಬರ ಮೀನು ಎಂಬುದು ತಪ್ಪು. ಅದು ಗೇಣುದ್ದಕ್ಕೂ ಬೆಳೆಯಬಲ್ಲದು, ಹೊಲಸು ಮಾಡುವುದೂ ಹೆಚ್ಚು. 'ತೊಟ್ಟಿ ತೊಳೆಯುತ್ತದೆ' ಎಂದು ಮಾರುವ ಸಕ್ಕರ್ ಮೀನು ಅಡಿಗೂ ಮೀರಿ ಬೆಳೆಯುತ್ತದೆ. ಫೈಟರ್ ಗಂಡುಗಳೆರಡನ್ನು ಒಟ್ಟಿಗೆ ಬಿಟ್ಟರೆ ಕಾದಾಡಿ ಸಾಯುತ್ತವೆ. ಉಷ್ಣವಲಯದ ಮೀನುಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಕರಾವಳಿಯಲ್ಲಿ ಹೀಟರ್ ಬೇಕಾಗುವುದು ಅಪರೂಪ. ಬೆಂಗಳೂರು, ಮಡಿಕೇರಿಗಳ ಚಳಿಗಾಲದಲ್ಲಿ ಬೇಕಾದೀತು.

ವಾರದ ಕೆಲಸ

ದಿನಕ್ಕೆ ಒಂದೆರಡು ಬಾರಿ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು. ಹಸಿವಿನಿಂದ ಸಾಯುವ ಮೀನಿಗಿಂತ ಮನೆಮಂದಿಯೆಲ್ಲ ಸರದಿಯಲ್ಲಿ ಹಾಕುವ ಆಹಾರದಿಂದ ಸಾಯುವ ಮೀನೇ ಹೆಚ್ಚು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಪೈಪಿನಿಂದ ಎಳೆದು, ಅಷ್ಟೇ ಹೊಸ ನೀರು ತುಂಬಿಸಬೇಕು. ಹೊರತೆಗೆದ ನೀರನ್ನು ಚೆಲ್ಲಬೇಡಿ. ತುಳಸಿಗೋ ಗುಲಾಬಿಗೋ ಹಾಕಿ, ನೈಟ್ರೇಟ್ ಅದರಲ್ಲೇ ಇದೆ.

ಇನ್ನೊಂದು ಸಾಮಾನ್ಯ ತಪ್ಪು, ಎಲ್ಲವನ್ನೂ ಹೊರತೆಗೆದು ನಲ್ಲಿಯಡಿ ಉಜ್ಜಿ ತೊಳೆಯುವುದು. ಹಾಗೆ ಮಾಡಿದಾಗ ತಿಂಗಳುಗಟ್ಟಲೆ ಬೆಳೆದ ಬ್ಯಾಕ್ಟೀರಿಯ ಒಂದೇ ಗಳಿಗೆಯಲ್ಲಿ ನಾಶವಾಗಿ, ತೊಟ್ಟಿ ಮತ್ತೆ ಮೊದಲ ದಿನಕ್ಕೆ ಮರಳುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು. ಕರೆಂಟು ಹೋದರೆ ಫಿಲ್ಟರ್ ನಿಂತು, ಮೀನಿಗೂ ಬ್ಯಾಕ್ಟೀರಿಯಕ್ಕೂ ಆಮ್ಲಜನಕ ಕಡಿಮೆಯಾಗುತ್ತದೆ. ಗಂಟೆಗಟ್ಟಲೆ ಕತ್ತಲೆಯಾಗುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪು ಇಟ್ಟುಕೊಳ್ಳುವುದು ಮೇಲು. ಆ ಹೊತ್ತಿನಲ್ಲಿ ಆಹಾರ ಹಾಕಬಾರದು.

ಕೆರೆಗೆ ಬಿಟ್ಟರೆ ಪುಣ್ಯವೇ?

ಬೇಸರವಾದಾಗ ಅಥವಾ ಮೀನು ದೊಡ್ಡದಾದಾಗ ಅದನ್ನು ಹತ್ತಿರದ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವವರಿದ್ದಾರೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಈಗ ನಮ್ಮ ದೇಶದ ಹಲವು ಕೆರೆ, ನದಿಗಳಲ್ಲಿ ನೆಲೆಸಿರುವುದು ಇಂಥ ಪುಣ್ಯದಿಂದಲೇ. ಅದು ದಂಡೆಯಲ್ಲಿ ಬಿಲ ತೋಡುತ್ತದೆ, ಮುಳ್ಳಿನಿಂದ ಬೆಸ್ತರ ಬಲೆ ಹರಿಯುತ್ತದೆ, ತಿನ್ನಲು ಕೊಳ್ಳುವವರಿಲ್ಲ. 2018ರ ಕೇರಳದ ಪ್ರವಾಹದಲ್ಲಿ ಸಾಕಣೆಯ ಕೊಳಗಳಿಂದ ಅರಾಪೈಮಾದಂಥ ಭಾರಿ ವಿದೇಶಿ ಮೀನುಗಳೂ ಹೊಳೆ ಸೇರಿದವು.

ಇದರ ತದ್ವಿರುದ್ಧ ಸಂಕಟವೂ ಉಂಟು. ಪಶ್ಚಿಮ ಘಟ್ಟದ ಹೊಳೆಗಳ ಕೆಂಪುಗೆರೆಯ ಮೀನು, ಹವ್ಯಾಸಿಗಳು 'ಮಿಸ್ ಕೇರಳ' ಎನ್ನುವುದು, ಅಲಂಕಾರಕ್ಕಾಗಿ ಬೇಕಾಬಿಟ್ಟಿ ಹಿಡಿಯಲ್ಪಟ್ಟು ಇಂದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಕೊಳ್ಳುವ ಮುನ್ನ, ಇದು ಸಾಕಣೆಯಲ್ಲಿ ಹುಟ್ಟಿದ್ದೋ ಹೊಳೆಯಿಂದ ಹಿಡಿದದ್ದೋ ಎಂದು ಅಂಗಡಿಯವರನ್ನು ಕೇಳಬಹುದು. ಬೇಡವಾದ ಮೀನನ್ನು ಕೆರೆಗೆ ಬಿಡದೆ ಅದೇ ಅಂಗಡಿಗೋ ಬೇರೊಬ್ಬ ಹವ್ಯಾಸಿಗೋ ಒಪ್ಪಿಸುವುದು ಸರಿಯಾದ ದಾರಿ.

ಮೀನಿಲ್ಲದ ತೊಟ್ಟಿಯನ್ನು ಒಂದು ತಿಂಗಳು ನೋಡುತ್ತ ಕೂರಲು ಮಕ್ಕಳು ಸುಲಭಕ್ಕೆ ಒಪ್ಪಲಿಕ್ಕಿಲ್ಲ. ಆದರೆ ಆ ಖಾಲಿ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಮುಂದೆ ಬರುವ ಮೀನಿಗೆ ಮನೆ ಸಜ್ಜುಮಾಡುತ್ತಿವೆ ಎಂದು ಹೇಳಿ, ಪರೀಕ್ಷಾ ಕಿಟ್ಟಿನ ಬಣ್ಣ ಬದಲಾಗುವುದನ್ನು ಅವರ ಕೈಯಿಂದಲೇ ಬರೆದಿಡಿಸಿ. ಕಾಯುವುದೂ ಅವರಿಗೆ ಆಟವಾಗುತ್ತದೆ. ಐದನೆಯ ಭಾನುವಾರ ಬಂದ ಮೀನುಗಳು ಆರನೆಯ ಭಾನುವಾರವೂ ಈಜುತ್ತಿರುತ್ತವೆ.